ಮೈಕಕ್ಕನ ಧ್ವನಿ

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು. ನಲ್ಲಿಯಲ್ಲಿ ನೀರು ಬಂದ ಸದ್ದಿಗೇ ಎದ್ದು ಕೊಡ, ಬಕೆಟ್ಟು, ಪಾತ್ರೆ ಎಲ್ಲ ತುಂಬಬೇಕು. ಒಲೆಯ ಒಂದು ಉರಿಯಲ್ಲಿ ಹಾಲಿಟ್ಟು, ಇನ್ನೊಂದರಲ್ಲಿ ಅತ್ತೆಯ ಮಂಡಿಯ ಶಾಖಕ್ಕೆ ನೀರಿಡಬೇಕು. ಹಾಲು ಉಕ್ಕುವುದರೊಳಗೆ ತರಕಾರಿ ಹೆಚ್ಚಿ ಮುಗಿಯಬೇಕು, ಆಮೇಲೆ ಆ ಉರಿ ಅನ್ನಕ್ಕೆ ಬೇಕು. ನೆನೆಹಾಕಿದ ಗಂಡನ ಬನಿಯನ್ನು, ಅಂಗಿಗಳನ್ನು ಕೈಯಲ್ಲೇ ತಿಕ್ಕಿ, ಹಿಂಡಿ, ಹಗ್ಗಕ್ಕೆ ಹಾಕಬೇಕು. ಮಗಳ ತಲೆಯನ್ನು ಅವಳು ನಿದ್ದೆಯಲ್ಲಿರುವಾಗಲೇ ಬಾಚಿ ಜಡೆ ಹೆಣೆಯಬೇಕು, ಎಚ್ಚರವಾದ ಮೇಲೆ ಅವಳು ಒಂದು ಕಡೆ ಕೂರುವವಳಲ್ಲ. ಡಬ್ಬಿಗಳನ್ನು ತುಂಬಬೇಕು. ಗಂಡನನ್ನು ಎಬ್ಬಿಸಿ, ಅವನು ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ಕೂತ ಮೇಲೆ ಎರಡೂ ಭುಜಗಳಿಗೆ ಮುಲಾಮು ತಿಕ್ಕಬೇಕು. ಅಂಗೈಗೆ ಅಂಟಿ ಉಳಿದದ್ದನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ಉಕ್ಕುತ್ತಿರುವ ಅನ್ನದ ಮುಚ್ಚಳ ತೆಗೆಯಬೇಕು. ಕೊನೆಗೆ ತನಗಾಗಿ ಒಂದೇ ಒಂದು ಕೆಲಸ. ಬಚ್ಚಲಿನ ಬಾಗಿಲು ಹಾಕಿಕೊಂಡು, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, "ಪ್ರಯಾಣಿಕರ ಗಮನಕ್ಕೆ" ಎಂದು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಹೇಳಿ ನೋಡುವುದು.

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮೊದಲು ಅವಳನ್ನು ಟಿಕೆಟ್ ಕಿಟಕಿಗೆಂದು ತೆಗೆದುಕೊಂಡಿದ್ದರು. ಅವಳು ಹೇಳಿದ್ದು ಸಾಲಿನ ಕೊನೆಯಲ್ಲಿ ನಿಂತವನಿಗೂ ಕೇಳಿಸುತ್ತಿತ್ತು, ಆದರೆ ಎದುರಿಗಿದ್ದವನಿಗೆ ಗದರಿದ ಹಾಗೆ ಅನ್ನಿಸುತ್ತಿರಲಿಲ್ಲ. ಅದನ್ನು ಗಮನಿಸಿದ ನಿಲ್ದಾಣದ ಸಾಹೇಬರು ಅವಳನ್ನು ಮಹಡಿಯ ಮೇಲಿನ ಗಾಜಿನ ಗೂಡಿಗೆ ಕಳಿಸಿದರು. ಅಂದಿನಿಂದ ಯಾವ ಬಸ್ಸು ಯಾವ ಅಂಕಣದಲ್ಲಿ ನಿಲ್ಲುತ್ತದೆ, ಯಾವುದು ತಡವಾಗಿದೆ, ಯಾರ ಚೀಲ ಸಿಕ್ಕಿದೆ ಎಂದು ಊರಿಗೆಲ್ಲ ಹೇಳುವುದು ಅವಳ ಕೆಲಸ. ತಪ್ಪಿಸಿಕೊಂಡ ಮಕ್ಕಳನ್ನು ಯಾರಾದರೂ ಗೂಡಿಗೆ ತಂದು ಬಿಟ್ಟರೆ, ಕೆಳಗೆ ಗಾಬರಿಯಲ್ಲಿರುವ ತಾಯಿಗೂ ಪಕ್ಕದಲ್ಲಿ ಬಿಕ್ಕುತ್ತಿರುವ ಮಗುವಿಗೂ ಒಂದೇ ಸಲಕ್ಕೆ ಸಮಾಧಾನವಾಗುವಂತೆ ಕರೆಯುವುದು ಅವಳಿಗೆ ಗೊತ್ತಿತ್ತು. ಎಷ್ಟೋ ತಾಯಂದಿರು ಮೆಟ್ಟಿಲು ಹತ್ತಿ ಬಂದು ಮಗುವನ್ನು ಎತ್ತಿಕೊಂಡ ಮೇಲೆ, ನಿಮ್ಮ ಧ್ವನಿ ಕೇಳಿದ ಕೂಡಲೇ ಕಾಲಿಗೆ ಜೀವ ಬಂತು ಅಂದದ್ದುಂಟು.

ಬಸುರಿಯಾಗಿದ್ದಾಗ, ಹೆರಿಗೆಯ ರಜೆಗೆ ಹೋಗುವ ಮುಂಚೆ, ಸಾಹೇಬರು ಎಲ್ಲ ಮಾರ್ಗಗಳ ಪ್ರಕಟಣೆಯನ್ನೂ ಅವಳಿಂದ ಹೇಳಿಸಿ ಒಂದು ಪೆಟ್ಟಿಗೆಯಲ್ಲಿ ಮುದ್ರಿಸಿಟ್ಟಿದ್ದರು. ಮಾರ್ಗಕ್ಕೊಂದು ಗುಂಡಿ. ಒತ್ತಿದರೆ ಅವಳ ಧ್ವನಿ ಬರುತ್ತಿತ್ತು. ಕೆಂಪು ಗುಂಡಿಯನ್ನೂ ಜೊತೆಗೆ ಹಿಡಿದು ಮಾತಾಡಿದರೆ ಹಳೆಯದು ಅಳಿದು ಹೊಸದು ಕೂರುತ್ತಿತ್ತು. ಅವಳು ರಜೆ ಹಾಕಿದ ದಿನ ಮಾತ್ರ ಪೆಟ್ಟಿಗೆಗೆ ಕೆಲಸ, ಉಳಿದ ದಿನ ಅದರ ಮೇಲೆ ಅವಳ ಊಟದ ಡಬ್ಬಿ ಇರುತ್ತಿತ್ತು.

ಮನೆಯಲ್ಲಿ ಆ ಧ್ವನಿಗೆ ಅಂಥ ಕೆಲಸವೇನೂ ಇರಲಿಲ್ಲ. ಹಾಂ, ಬಂದೆ, ಆಯ್ತು, ಇಲ್ಲೇ ಇದೆ ನೋಡಿ. ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಗಂಡ ಅಚ್ಚುಕೂಟವೊಂದರಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದ. ಒಂದು ವರ್ಷ ಬಿಡದೆ ತಲೆನೋವು ಬಂತು, ಕಣ್ಣು ಮಂಜಾಯಿತು. ಮಿದುಳಿನ ಬುಡದಲ್ಲಿ ಕಡಲೆಕಾಳಿಗಿಂತ ಕೊಂಚ ದೊಡ್ಡ ಗಂಟಿದೆ ಎಂದು ಗೊತ್ತಾಯಿತು. ಮೂಗಿನ ಒಳಗಿಂದಲೇ ಉಪಕರಣ ತೂರಿಸಿ ಅದನ್ನು ತೆಗೆದರು. ಜೀವ ಉಳಿಯಿತು. ಆದರೆ ಆಸ್ಪತ್ರೆಯಿಂದ ಬಂದವನು ಬೇರೆ ಯಾರೋ ಆಗಿದ್ದ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗಡ್ಡ ಬೆಳೆಯುವುದು ನಿಂತಿತು. ನೀರಿನ ಬಕೆಟ್ಟು ಎತ್ತಲು ಹೋಗಿ ಕೂತುಬಿಡುತ್ತಿದ್ದ. ಮಗಳು ಕರೆದರೂ ತಿರುಗುತ್ತಿರಲಿಲ್ಲ. ಅವಳು ಅವನನ್ನು ತಿನ್ನಿಸಿ, ತೊಳೆಸಿ, ರಮಿಸಿ, ನಿಲ್ದಾಣಕ್ಕೆ ಓಡಿ, ಮತ್ತೆ ಬಂದು ಅದನ್ನೇ ಮಾಡಿದಳು. ಕೆಲವು ತಿಂಗಳ ನಂತರ ಅವನೊಬ್ಬನೇ ದೊಡ್ಡ ಡಾಕ್ಟರನ್ನು ನೋಡಿಬಂದ. ಅವನ ಕೈಯಲ್ಲಿ, ಮೂತಿ ಒತ್ತಿದರೆ ಲೋಳೆಯಂಥದು ಬರುವ ಒಂದು ಬಿಳಿ ಶೀಸೆ ಇತ್ತು. ಅದರ ಮೇಲಿನ ಚೀಟಿ ಕಿತ್ತುಹೋಗಿತ್ತು. ಒದ್ದೆಯಾಗಿ ಬಿದ್ದುಹೋಯಿತು ಅಂದ. ಏನಿದು ಎಂದು ಕೇಳಿದ್ದಕ್ಕೆ, ಭುಜದ ನೋವಿಗೆ ಅಂದ.

ಅವನು ಶೀಸೆ ಒತ್ತಲು ಹೊರಟಾಗ ಅವಳೇ ಕೈ ಚಾಚಿದಳು. ಕೊಡಿ ಇಲ್ಲಿ, ಬೆನ್ನ ಕಡೆ ನಿಮಗೆಲ್ಲಿ ಎಟುಕುತ್ತೆ. ಅವನು ಒಂದು ಗಳಿಗೆ ತಡೆದ. ಆಮೇಲೆ ಕೊಟ್ಟ. ಆ ಒಂದು ಗಳಿಗೆ ಅವಳಿಗೆ ಆಗ ಕಾಣಲಿಲ್ಲ. ಆ ಮನೆಯಲ್ಲಿ ಯಾರ ಮೈಗೆ ಏನು ಹಚ್ಚುವುದಿದ್ದರೂ ಅವಳ ಕೈಯೇ ಹಚ್ಚುವುದು, ಅದರಲ್ಲಿ ನೋಡುವುದಕ್ಕೇನಿತ್ತು?

ಮುಲಾಮು ನಾಟಿತು. ತಿಂಗಳು ಕಳೆಯುವುದರೊಳಗೆ ಅವನ ಕೆನ್ನೆಯಲ್ಲಿ ಗಡ್ಡ ಚುಚ್ಚತೊಡಗಿತು. ಬಕೆಟ್ಟು ಎತ್ತಿದ. ಅಚ್ಚುಕೂಟಕ್ಕೆ ಮರಳಿದ. ಒಂದು ದಿನ ಯಾವುದಕ್ಕೋ ಗಟ್ಟಿಯಾಗಿ ನಕ್ಕ. ಅವಳು ಒಲೆಯ ಮುಂದೆ ನಿಂತು ಸೌಟು ಹಿಡಿದುಕೊಂಡೇ ಅತ್ತಳು. ಅಂದಿನಿಂದ ಆ ಶೀಸೆಯ ಮೇಲೆ ಅವಳಿಗೆ ಭಕ್ತಿ ಹುಟ್ಟಿತು, ಇನ್ನಷ್ಟು ಒತ್ತಿ ತಿಕ್ಕಿದಳು.

ಅತ್ತೆಗೂ ಆಸೆಯಾಯಿತು. "ನನ್ನ ಮಂಡಿಗೂ ಚೂರು ಹಚ್ಚೇ, ಗಂಡನಿಗಾದರೆ ಅಷ್ಟು ಹೊತ್ತು ತಿಕ್ಕುತ್ತೀಯ" ಅಂದರು. ಅವಳು ಶೀಸೆ ಎತ್ತಿಕೊಳ್ಳುವುದರೊಳಗೆ ಗಂಡ ಒಳಗಿನಿಂದ ಓಡಿಬಂದು ಕಿತ್ತುಕೊಂಡ. ಸಂಜೆ ತಾಯಿಗೆ ಬೇರೆಯೇ ಒಂದು ಎಣ್ಣೆ ತಂದುಕೊಟ್ಟ. ಅಮ್ಮನಿಗೆ ಹೊಸದೇ ಬೇಕಿತ್ತು ಅಂತ ಅವಳು ನಕ್ಕಳು. ಇನ್ನೊಂದು ವಿಷಯಕ್ಕೂ ಅವಳು ನಗುತ್ತಿದ್ದಳು. ಮೊದಲೆಲ್ಲ ಬರಿಮೈಯಲ್ಲಿ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದವನು ಈಗ ಪೂರ್ತಿ ತೋಳಿನ ಅಂಗಿ ಹಾಕಿ, ಗುಂಡಿಯೆಲ್ಲ ಬಿಗಿದುಕೊಂಡ ಮೇಲೇ ಮಗುವನ್ನು ಎತ್ತಿಕೊಳ್ಳುತ್ತಿದ್ದ. ಕಾಯಿಲೆ ಬಿದ್ದೆದ್ದ ಮೇಲೆ ನಿಮ್ಮಪ್ಪನಿಗೆ ನಾಚಿಕೆ ಜಾಸ್ತಿಯಾಗಿದೆ ಕಣೇ ಎಂದು ಮಗಳಿಗೆ ಹೇಳುತ್ತಿದ್ದಳು.

ಅವಳ ಮೈಯಲ್ಲಿ ಮೊದಲು ಕಂಡದ್ದು ಮೊಡವೆ. ನಲವತ್ತರ ಹತ್ತಿರ ಬಂದವಳಿಗೆ ಹದಿನಾರರ ಮುಖ ಬಂತಲ್ಲ ಎಂದು ನಿಲ್ದಾಣದ ಚಹಾದಂಗಡಿಯವಳು ಕಿಚಾಯಿಸಿದಳು. ಮುಟ್ಟು ಹಿಂದುಮುಂದಾಯಿತು, ಆಮೇಲೆ ತಿಂಗಳುಗಟ್ಟಲೆ ನಿಂತಿತು. ಬಾಚಿದರೆ ಕೂದಲು ಉಂಡೆ ಉಂಡೆಯಾಗಿ ಬರುತ್ತಿತ್ತು, ತಲೆಯಲ್ಲಿ ಉದುರಿದ್ದು ಗದ್ದದ ಮೇಲೆ ಹುಟ್ಟಿತು. ಅವಳು ಬಚ್ಚಲಿನಲ್ಲಿ ಗಂಡನ ಕ್ಷೌರದ ಕತ್ತಿಯಿಂದ ಗದ್ದ ಬೋಳಿಸಿಕೊಂಡು, ಕತ್ತಿಯನ್ನು ತೊಳೆದು, ಅವನು ಇಟ್ಟ ಕೋನದಲ್ಲೇ ತಿರುಗಿಸಿಡಲು ಕಲಿತಳು. ಇದೆಲ್ಲ ವಯಸ್ಸಿನದು, ಹೆಂಗಸರಿಗೆ ಇದ್ದದ್ದೇ ಎಂದು ಹಲ್ಲು ಕಚ್ಚಿ ಸಹಿಸಿದಳು.

ಧ್ವನಿಯ ಸರದಿ ಬಂದಾಗ ಸಹಿಸಲಾಗಲಿಲ್ಲ.

ಮೊದಮೊದಲು ಬೆಳಗಿನ ಎರಡು ಪದಗಳು ಬಚ್ಚಲಿನಲ್ಲಿ ಒಡೆದು ಬರುತ್ತಿದ್ದವು. ನೆಗಡಿ ಅಂದುಕೊಂಡಳು. ಆಮೇಲೆ ಒಡಕು ಹೋಯಿತು, ಅದರ ಜಾಗದಲ್ಲಿ ಒಂದು ದಪ್ಪ ಧ್ವನಿ ಕೂತಿತು. ವಿಚಾರಣೆಯ ದೂರವಾಣಿ ಎತ್ತಿದರೆ ಆ ಕಡೆಯವರು, ಸಾರ್, ಬಸ್ಸು ಹೊರಡೋದು ಎಷ್ಟೊತ್ತಿಗೆ ಎಂದು ಕೇಳತೊಡಗಿದರು. ಮೊದಲ ಸಲ ಅವಳು ತಿದ್ದಿದಳು. ಆ ಕಡೆಯವನು ನಕ್ಕುಬಿಟ್ಟ. ಆಮೇಲೆ ತಿದ್ದಲಿಲ್ಲ. ಬಿಸಿನೀರಿನ ಹಬೆ, ಜೇನು, ಶುಂಠಿ ಎಲ್ಲ ಆಯಿತು. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ಗಂಟೇನೂ ಇಲ್ಲ, ಧ್ವನಿಯ ತಂತು ಮಾತ್ರ ಸ್ವಲ್ಪ ದಪ್ಪಗಿದೆ, ಮಾತು ಕಡಿಮೆ ಮಾಡಿ ಅಂದರು. ಅತ್ತೆಯದೂ ಅದೇ ಮಾತು. ಊರಿಗೆಲ್ಲ ಕೇಳೋ ಹಾಗೆ ಕೂಗಿದರೆ ಇನ್ನೇನಾಗುತ್ತೆ, ಹೆಂಗಸಿನ ಗಂಟಲು ಎಷ್ಟೂಂತ ತಡೀತದೆ ಅಂದರು.

ಡಾಕ್ಟರ ಮಾತಿನಂತೆ ಅವಳು ಮನೆಯಲ್ಲಿ ಮಾತು ನಿಲ್ಲಿಸಿದಳು. ಒಂದು ವಾರ ಕಳೆದರೂ ಅದು ಯಾರ ಗಮನಕ್ಕೂ ಬರಲಿಲ್ಲ. ನೀರು ತುಂಬಿತ್ತು, ಅನ್ನ ಆಗಿತ್ತು, ಬನಿಯನ್ನು ಒಣಗಿತ್ತು, ಮುಲಾಮು ಭುಜಕ್ಕೆ ಬಿದ್ದಿತ್ತು. ಗೊತ್ತಾದದ್ದು ಮಗಳೊಬ್ಬಳಿಗೆ. ಹಾಡು ಹೇಳು ಎಂದು ಹಟ ಹಿಡಿದಳು. ಅವಳು ಮೆಲ್ಲಗೆ ಶುರುಮಾಡಿದಳು, ಮೇಲಿನ ಸ್ವರಕ್ಕೆ ಗಂಟಲು ಏರಲೇ ಇಲ್ಲ, ಏಣಿಯ ಮೆಟ್ಟಿಲು ಮುರಿದ ಹಾಗೆ ಕೆಳಗೆ ಬಿತ್ತು. ಮಗು ಅವಳ ಕುತ್ತಿಗೆ ಮುಟ್ಟಿ ನೋಡಿ, "ಒಳಗೆ ಯಾರಿದ್ದಾರೆ?" ಎಂದು ಕೇಳಿತು.

ನಿಲ್ದಾಣದಲ್ಲಿ ಮಾತು ಹಬ್ಬಿತು. ಮೈಕಕ್ಕ ಬೀಡಿ ಸೇದುತ್ತಾಳಂತೆ ಅಂದರು ಕೆಲವರು. ಮೈಕಣ್ಣ ಎಂದು ಒಬ್ಬ ಚಾಲಕ ಕರೆದ, ಹೆಸರು ಅಂಟಿಕೊಂಡಿತು. ತಪ್ಪಿಸಿಕೊಂಡ ಮಗುವೊಂದು, ಅವಳು ಮೈಕಿನಲ್ಲಿ ಮಾತಾಡಿದ ಕೂಡಲೇ ಅಳು ನಿಲ್ಲಿಸುವ ಬದಲು ಬೆಂಚಿನ ಕೆಳಗೆ ನುಸುಳಿತು. ಸಾಹೇಬರು ಕೆಟ್ಟವರಲ್ಲ. ಹೊಸ ವೇಳಾಪಟ್ಟಿ ಬರುವವರೆಗೆ ನೋಡೋಣಮ್ಮ, ಅಷ್ಟರಲ್ಲಿ ಗಂಟಲು ಸರಿಮಾಡಿಕೊಳ್ಳಿ, ಜನ ದೂರು ಕೊಡುತ್ತಿದ್ದಾರೆ ಅಂದರು. ಅವಳಿಗೆ ಗೂಡಿನ ಗಾಜು, ಮೈಕು, ಕುರ್ಚಿ ಎಲ್ಲ ಕೈತಪ್ಪುವ ಮೊದಲೇ ದೂರ ಹೋದಂತೆ ಕಂಡವು. ಆ ಕುರ್ಚಿಯೊಂದರಲ್ಲಿ ಕೂತಾಗ ಮಾತ್ರ ಅವಳು ಹೇಳಿದ್ದನ್ನು ಜನ ನಿಂತು ಕೇಳುತ್ತಿದ್ದರು. ಬೆಳಗಿನ ಬಚ್ಚಲಿನಲ್ಲಿ ಎರಡು ಪದಗಳನ್ನು ಹೇಳುವ ಮುಂಚೆ ಈಗ ಕಣ್ಣು ಮುಚ್ಚಿ ಕೈ ಮುಗಿಯತೊಡಗಿದಳು. ಪ್ರತಿ ಬೆಳಿಗ್ಗೆಯೂ ಬರುತ್ತಿದ್ದದ್ದು ಅದೇ ದಪ್ಪ ಧ್ವನಿ.

ಅವಳ ಗದ್ದದ ಮೇಲೆ ಕತ್ತಿ ತಾಗಿದ ಗೀರು ನೋಡಿದ್ದು ಚಹಾದಂಗಡಿಯವಳು. ಆ ದಿನ ಕಿಚಾಯಿಸಲಿಲ್ಲ. "ಇದು ಗಂಟಲಿನ ಕಾಯಿಲೆ ಅಲ್ಲ ಕಣಕ್ಕಾ. ಗಡ್ಡ ಬರೋ ಗಂಟಲು ನೋವು ಎಲ್ಲಾದರೂ ಉಂಟಾ? ಹೆಂಗಸರ ಡಾಕ್ಟರ ಹತ್ತಿರ ನಡಿ" ಎಂದು ಅಂಗಡಿಯ ಪರದೆ ಎಳೆದು ಜೊತೆಗೇ ಹೊರಟಳು.

ಡಾಕ್ಟರಮ್ಮ ರಕ್ತ ತೆಗೆಸಿದರು, ಹೊಟ್ಟೆಯ ಚಿತ್ರ ತೆಗೆಸಿದರು. ಎರಡನೆಯ ಸಲ ಹೋದಾಗ ಬಾಗಿಲು ಹಾಕಿ ಕೇಳಿದರು, ಮೈಕಟ್ಟಿಗೆ ಅಂತ ಏನಾದರೂ ಮಾತ್ರೆ, ಚುಚ್ಚುಮದ್ದು ತಗೋತಿದೀರಾ ಎಂದು. ಅವಳಿಗೆ ನಗು ಬಂತು. ನೀರು ಹೊರುವುದು ಬಿಟ್ಟರೆ ಬೇರೆ ಕಸರತ್ತು ಮಾಡಿದವಳಲ್ಲ ಅಂದಳು. ಡಾಕ್ಟರಮ್ಮ ನಗಲಿಲ್ಲ. ನಿಮ್ಮ ರಕ್ತದಲ್ಲಿ ಗಂಡಸರ ಹಾರ್ಮೋನು ಹೆಂಗಸರಿಗೆ ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿದೆ, ಹೊಟ್ಟೆಯಲ್ಲಿ ಅದನ್ನು ಮಾಡುವ ಗೆಡ್ಡೆಯೇನೂ ಇಲ್ಲ, ಅಂದರೆ ಹೊರಗಿನಿಂದ ಬರುತ್ತಿದೆ ಅಂದರು. ಆಮೇಲೆ ವರದಿಯನ್ನು ಪಕ್ಕಕ್ಕಿಟ್ಟು, ಮನೆಯಲ್ಲಿ ಯಾರಾದರೂ ಮೈಗೆ ಏನಾದರೂ ಹಚ್ಚಿಕೊಳ್ಳುತ್ತಾರಾ ಎಂದು ಕೇಳಿದರು.

ಅತ್ತೆಯ ಮಂಡಿಯ ಎಣ್ಣೆಯ ವಿಷಯ ಹೇಳಿದಳು. ಮಗಳ ತಲೆಗೆ ಎಣ್ಣೆ ಹೇಳಿದಳು. ಗಂಡನ ಭುಜದ ಮುಲಾಮಿನ ಮಾತು ಕೊನೆಗೆ ಬಂತು.

ಮರುದಿನ ಅವಳು ಶೀಸೆಯನ್ನೇ ಬಟ್ಟೆಯಲ್ಲಿ ಸುತ್ತಿ ತಂದಳು. ಚೀಟಿಯಿಲ್ಲದಿದ್ದರೂ ತಳದಲ್ಲಿ ಅಚ್ಚಾಗಿದ್ದ ಅಕ್ಷರಗಳನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದು ಓದಿದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮಿದುಳಿನ ಬುಡದ ಆ ಗ್ರಂಥಿಗೆ ಪೆಟ್ಟಾದರೆ ಗಂಡಸಿನ ಮೈ ಆ ಹಾರ್ಮೋನನ್ನು ಮಾಡುವುದು ನಿಲ್ಲಿಸುತ್ತದೆ. ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಮನಸ್ಸು ಕುಸಿಯುತ್ತದೆ. ಅಂಥವರಿಗೆ ಇದು ಒಳ್ಳೆಯ ಔಷಧಿ, ಬೇಕೇ ಬೇಕು. ಆದರೆ ಇದು ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಹಚ್ಚಿಕೊಂಡವರೇ ಸೋಪು ಹಾಕಿ ಕೈ ತೊಳೆಯಬೇಕು, ಒಣಗಿದ ಮೇಲೆ ಅಂಗಿಯಿಂದ ಮುಚ್ಚಬೇಕು. ಹೆಂಗಸರು, ಮಕ್ಕಳು ಮುಟ್ಟಲೇಬಾರದು. ಕೊಡುವಾಗ ಇದನ್ನೆಲ್ಲ ಹೇಳದೆ ಯಾರೂ ಕೊಡುವುದಿಲ್ಲ.

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಒಂದೂವರೆ ವರ್ಷ ಬರಿಗೈಯಲ್ಲಿ ತಿಕ್ಕಿ, ಅವನ ಅಂಗಿ ಬನಿಯನ್ನುಗಳನ್ನು ಬರಿಗೈಯಲ್ಲಿ ಹಿಂಡಿದ ಕೈಗಳು.

"ಮಗಳು?" ಅವಳ ಬಾಯಿಂದ ಬಂದದ್ದು ಅಷ್ಟೇ.

ಮಗುವನ್ನು ಕರೆತರಲು ಹೇಳಿದರು. ಪರೀಕ್ಷೆ ಮಾಡಿದರು. ಫಲಿತಾಂಶಕ್ಕೆ ಕಾದ ದಿನಗಳಲ್ಲಿ ಅವಳು ಊಟ ಮಾಡಿದ್ದು ಅವಳಿಗೆ ನೆನಪಿಲ್ಲ. ಮಗುವಿಗೆ ಏನೂ ಆಗಿರಲಿಲ್ಲ. ಒಂದು ಚೂರೂ ತಾಗಿರಲಿಲ್ಲ. ನಿಮ್ಮವರು ಮಗುವಿನ ವಿಷಯದಲ್ಲಿ ಜಾಗ್ರತೆ ಮಾಡಿದ್ದಾರೆ ಅನಿಸುತ್ತೆ ಎಂದು ಡಾಕ್ಟರಮ್ಮ ಸಮಾಧಾನಕ್ಕೆಂದು ಹೇಳಿದರು. ಆ ಸಮಾಧಾನದ ಮಾತು ಮುಗಿಯುವುದರೊಳಗೆ ಅವಳ ಕಣ್ಣ ಮುಂದೆ ಬಿಗಿದ ಅಂಗಿಯ ಗುಂಡಿಗಳು, ಕಿತ್ತುಕೊಂಡ ಶೀಸೆ, ಅತ್ತೆಗೆ ತಂದ ಬೇರೆ ಎಣ್ಣೆ, ಎಲ್ಲ ಒಂದರ ಹಿಂದೊಂದು ಬಂದು ನಿಂತವು.

ನನ್ನ ಧ್ವನಿ ಯಾವಾಗ ವಾಪಸು ಬರುತ್ತೆ ಎಂದು ಕೇಳಿದಳು.

"ಮೊಡವೆ ಹೋಗುತ್ತೆ, ಮುಟ್ಟು ಸರಿಹೋಗುತ್ತೆ, ಗದ್ದದ ಕೂದಲು ನಿಧಾನಕ್ಕೆ ಕಡಿಮೆಯಾಗುತ್ತೆ" ಅಂದರು ಡಾಕ್ಟರಮ್ಮ. "ಧ್ವನಿಗೆ ಮಾತ್ರ ನಾನು ಸುಳ್ಳು ಆಸೆ ಕೊಡಲ್ಲಮ್ಮ. ಗಂಟಲಿನ ತಂತು ಒಂದು ಸಲ ದಪ್ಪಗಾದರೆ ಮತ್ತೆ ತೆಳ್ಳಗಾಗಲ್ಲ. ಕಲಿಸೋರಿದ್ದಾರೆ, ಸ್ವಲ್ಪ ಹದ ಮಾಡಬಹುದು. ಹಳೇದು ಬರಲ್ಲ."

ಮನೆಗೆ ಬಂದಾಗ ಸಂಜೆಯಾಗಿತ್ತು. ಗಂಡ ಅಚ್ಚುಕೂಟದಿಂದ ಬಂದು ಕಾಲು ಚಾಚಿ ಕೂತಿದ್ದ. ಅತ್ತೆ ಒಳಗೆ ಮಲಗಿದ್ದರು. ಅವಳು ಶೀಸೆಯನ್ನು ಅವನ ಮುಂದೆ ನೆಲದ ಮೇಲಿಟ್ಟಳು.

"ಇದು ಏನೂಂತ ನಿಮಗೆ ಗೊತ್ತಿತ್ತಾ?"

ಅವನು ಬಾಗಿಲ ಕಡೆ ನೋಡಿದ. ಅವಳೇ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಅವನ ತಲೆ ತಗ್ಗಿತು. ನಾಚಿಕೆಯಾಯ್ತು ಅಂದ. ಗಂಡಸಾಗಿ ಇಂಥದಕ್ಕೆ ಔಷಧಿ ಅಂತ ಹೇಗೆ ಹೇಳೋದು, ತಿಂಗಳು ತಿಂಗಳು ಚುಚ್ಚುಮದ್ದೂ ಇದೆಯಂತೆ, ಅದನ್ನು ಚುಚ್ಚಿಸಿಕೊಳ್ಳೋಕೆ ಹೋದರೆ ಆ ದವಾಖಾನೆಯಲ್ಲಿ ನಮ್ಮ ಬೀದಿಯವನೇ ಕಾಂಪೌಂಡರು, ಅದಕ್ಕೇ ಇದು ತಂದೆ, ಚೀಟಿ ನಾನೇ ಕಿತ್ತೆ ಅಂದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಭಾರ ಇಳಿಸಿದವನ ಹಾಗೆ.

"ಮುಟ್ಟಬಾರದು ಅಂತ ಹೇಳಿರಲಿಲ್ವಾ?"

"ಹೇಳಿದ್ರು. ಹೆಂಗಸರು, ಮಕ್ಕಳು ಮುಟ್ಟಬಾರದು ಅಂತ ಹೇಳಿದ್ರು. ಅದಕ್ಕೇ ತಾನೇ ಮಗೂನ ಎತ್ಕೋಬೇಕಾದ್ರೆ ಅಂಗಿ ಹಾಕ್ತಿದ್ದೆ. ಅಮ್ಮನಿಗೂ ಬೇರೆ ತಂದುಕೊಟ್ಟೆ."

"ಮತ್ತೆ ನಾನು?"

ಅವನು ಬಹಳ ಹೊತ್ತು ಯೋಚಿಸಿದ. ಸುಳ್ಳು ಹುಡುಕುತ್ತಿರಲಿಲ್ಲ, ನಿಜವಾಗಿಯೂ ಉತ್ತರ ಹುಡುಕುತ್ತಿದ್ದ. ಅದನ್ನು ಅವಳು ಅವನ ಹಣೆಯಲ್ಲಿ ಕಂಡಳು.

"ನಿನ್ನ ಕೈ ಅಲ್ವಾ" ಅಂದ ಕೊನೆಗೆ. "ನಿನ್ನ ಕೈ ಅಂದ್ರೆ... ನನಗೆ ಹೊಳೀಲೇ ಇಲ್ಲ."

ಹೊಡೆದಿದ್ದರೆ ಅಳಬಹುದಿತ್ತು. ಅವಳಿಗೆ ಅಳು ಬರಲಿಲ್ಲ. ಈ ಮನೆಯ ಲಟ್ಟಣಿಗೆ, ಸೌಟು, ಪೊರಕೆ, ಅವಳ ಕೈ. ಯಾವುದಕ್ಕಾದರೂ ಔಷಧಿ ತಾಗುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಒಳಗಿನಿಂದ ಅತ್ತೆಯ ಧ್ವನಿ ಬಂತು. ಮಲಗಿದ್ದವರಿಗೆ ಎಲ್ಲ ಕೇಳಿಸಿತ್ತು. "ಆಗಿದ್ದು ಆಗಿಹೋಯ್ತು ಕಣೇ. ಯಾರಾದರೂ ಕೇಳಿದರೆ ಗಂಟಲು ಕೆಟ್ಟಿತು ಅನ್ನು. ಗಂಡನ ಮಾನ ಬೀದಿಗೆ ತರಬೇಡ." ಗಂಡ ಅವಳ ಕಾಲಿನ ಹತ್ತಿರ ಸರಿದು ಕೂತ. ಯಾರಿಗೂ ಹೇಳಬೇಡ, ಅಚ್ಚುಕೂಟದಲ್ಲಿ ಗೊತ್ತಾದರೆ ನಾನು ಅಲ್ಲಿ ತಲೆ ಎತ್ತೋ ಹಾಗಿಲ್ಲ ಎಂದು ಮತ್ತೆ ಮತ್ತೆ ಬೇಡಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಅವನ ನೀರು ನೋಡಿ ಅವಳಿಗೆ ಹಳೆಯ ಅಭ್ಯಾಸದಂತೆ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹೇಳುತ್ತೇನೆ ಅನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಎದ್ದು ಅನ್ನಕ್ಕಿಟ್ಟಳು, ಮಗು ಹಸಿದಿತ್ತು.

ಹೊಸ ವೇಳಾಪಟ್ಟಿ ಬಂದ ದಿನ ಸಾಹೇಬರು ಅವಳನ್ನು ಕರೆಸಿದರು. ದಾರಿ ಕಂಡುಹಿಡಿದವರ ಖುಷಿ ಅವರ ಮುಖದಲ್ಲಿತ್ತು. ಪೆಟ್ಟಿಗೆಯಲ್ಲಿ ನಿಮ್ಮ ಧ್ವನಿ ಇದೆಯಲ್ಲಮ್ಮ, ಅದನ್ನೇ ದಿನಾ ಹಾಕೋಣ, ಜನಕ್ಕೆ ಹಳೇ ಮೈಕಕ್ಕ ಸಿಕ್ಕ ಹಾಗಾಯ್ತು, ಗುಂಡಿ ಒತ್ತೋಕೆ ಯಾರಾದರೂ ಆಗುತ್ತೆ, ನಿಮಗೆ ಕೆಳಗೆ ಸಾಮಾನು ಇಡುವ ಕೋಣೆಯಲ್ಲಿ ಕೆಲಸ, ಅಲ್ಲಿ ಮಾತಾಡುವ ಅಗತ್ಯ ಇಲ್ಲ ಅಂದರು. ಈಚೆಗೆ ಎರಡು ಮಾರ್ಗಗಳ ಅಂಕಣ ಬದಲಾಗಿದೆ, ಪೆಟ್ಟಿಗೆಯಲ್ಲಿ ಹಳೆಯದೇ ಇದೆ ಎಂದು ಅವಳು ನೆನಪಿಸಿದಳು. ಹಲಗೆ ಬರೆಸಿ ನಿಲ್ಲಿಸೋಣ ಅಂದರು. ನಿಮ್ಮ ಗಂಟಲಿಗೆ ಏನಾಯ್ತು ಎಂದು ಅವರು ಈ ಸಲ ಕೇಳಲಿಲ್ಲ. ಕೇಳುವ ಅಗತ್ಯವೇ ತೀರಿತ್ತು.

ಮನೆಯಲ್ಲಿ ಗಂಡನಿಗೆ ಹೋದ ಜೀವ ಬಂದಂತಾಯಿತು. "ನೋಡು, ಎಲ್ಲ ಸರಿಹೋಯ್ತು. ಕೆಲಸವೂ ಉಳೀತು, ನಿನ್ನ ಧ್ವನಿಯೂ ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ" ಅಂದ. ಅತ್ತೆ ದೇವರಿಗೆ ಕೈ ಮುಗಿದರು.

ಸಾಮಾನಿನ ಕೋಣೆಗೆ ಕಿಟಕಿ ಇರಲಿಲ್ಲ. ಜನರ ಪೆಟ್ಟಿಗೆ, ಚೀಲ, ಹಾಸಿಗೆ ಸುರುಳಿಗಳಿಗೆ ಬಿಲ್ಲೆ ಕಟ್ಟಿ ಕಪಾಟಿಗೆ ಏರಿಸುವುದು, ಮತ್ತೆ ಇಳಿಸುವುದು. ಬಾಗಿಲ ನೆತ್ತಿಯ ಮೇಲೆಯೇ ಒಂದು ಧ್ವನಿವರ್ಧಕ. ಅದರಿಂದ ಹಗಲೆಲ್ಲ ಅವಳ ಧ್ವನಿ ಅವಳ ತಲೆಯ ಮೇಲೆ ಸುರಿಯುತ್ತಿತ್ತು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಮಾತುಗಳನ್ನು ಹೇಳಿದ್ದು ಅವಳಿಗೆ ನೆನಪಿತ್ತು. ಒಂದು ಕಡೆ ಉಸಿರು ಸಾಲದೆ ಸಣ್ಣಗೆ ತಡೆದಿದ್ದಳು, ಮಗು ಒದ್ದ ಗಳಿಗೆ ಅದು. ಅಲ್ಲಿಗೆ ಬಂದಾಗೆಲ್ಲ ಅವಳ ಕೈ ಬಿಲ್ಲೆಯ ದಾರದ ಮೇಲೆ ನಿಲ್ಲುತ್ತಿತ್ತು. ಮೊದಲ ದಿನ ಕೇಳಿ ಅಳು ಬಂತು, ಎಷ್ಟು ಚೆನ್ನಾಗಿತ್ತು ಎಂದು. ಆಮೇಲಾಮೇಲೆ ಕೇಳಲಾಗದೆ ಕಪಾಟಿನ ಹಿಂಬದಿಗೆ ಸರಿಯತೊಡಗಿದಳು. ತಾನು ಸತ್ತಿದ್ದು, ಮೇಲೆ ಯಾರೋ ತನ್ನ ಹೆಸರಿನಲ್ಲಿ ಸಂಸಾರ ನಡೆಸುತ್ತಿರುವ ಹಾಗೆ ಇತ್ತು.

ಒಂದು ಮಧ್ಯಾಹ್ನ ಮಗಳನ್ನು ಶಾಲೆಯಿಂದ ಅಲ್ಲಿಗೇ ಕರೆದುಕೊಂಡು ಬಂದಿದ್ದಳು. ಮಗು ಧ್ವನಿವರ್ಧಕ ಕೇಳಿ ಕುಣಿಯಿತು, ಅಮ್ಮ ಮೇಲಿದ್ದಾಳೆ ಎಂದು ಮೆಟ್ಟಿಲ ಕಡೆಗೆ ಓಡಿತು. ಅವಳು ಹಿಂದಿನಿಂದ ಹೆಸರು ಹಿಡಿದು ಕೂಗಿದಳು. ಆ ಕೂಗಿಗೆ ಮಗು ತಿರುಗಲಿಲ್ಲ.

ಅದೇ ಹೊತ್ತಿಗೆ ಮುದುಕಿಯೊಬ್ಬಳು ಗಂಟು ಹೊತ್ತು ಬಂದು, ಮೈಕಿನಲ್ಲಿ ಹೇಳಿದ ಅಂಕಣದಲ್ಲೇ ಕಾದೆ, ಬಸ್ಸು ಆ ಕಡೆಯಿಂದ ಹೋಗಿಬಿಟ್ಟಿತು, ಆ ಮೇಲಿನ ಹೆಂಗಸು ಸುಳ್ಳು ಹೇಳ್ತಾಳೆ ಎಂದು ಬೈದಳು. ಹೌದಜ್ಜಿ, ಸುಳ್ಳು ಹೇಳ್ತಾಳೆ ಅಂದಳು ಅವಳು.

ಮರುದಿನ ಬೆಳಕು ಹರಿಯುವ ಮೊದಲು ನೀರು ತುಂಬಿದಳು, ಹಾಲಿಟ್ಟಳು, ಶಾಖದ ನೀರಿಟ್ಟಳು, ಜಡೆ ಹೆಣೆದಳು. ಸತ್ಯ ಗೊತ್ತಾದ ಮೇಲೆ ಅವಳು ಅವನಿಗೆ ಮುಲಾಮು ಹಚ್ಚಿರಲಿಲ್ಲ. ಗಂಡ ತಾನೇ ಹೇಗೋ ಹಚ್ಚಿಕೊಳ್ಳುತ್ತಿದ್ದ, ಸರಿಯಾಗಿ ತಾಗ್ತಿಲ್ಲ, ಮತ್ತೆ ಸುಸ್ತು ಶುರುವಾಗಿದೆ ಎಂದು ಗೊಣಗುತ್ತಿದ್ದ. ಆ ದಿನ ಅವನು ತಾನಾಗಿಯೇ ಎದ್ದು, ಅಂಗಿ ಬಿಚ್ಚಿ, ಬೆನ್ನು ತಿರುಗಿಸಿ ಕೂತಿದ್ದ. ಪಕ್ಕದಲ್ಲಿ ಶೀಸೆ. ಶೀಸೆಯ ಮೇಲೆ ಹೊಸದೊಂದು ಜೊತೆ ರಬ್ಬರಿನ ಕೈಗವಸು.

"ನಿನಗೇಂತ ತಂದೆ" ಅಂದ, ತಿರುಗದೆಯೇ. ಧ್ವನಿಯಲ್ಲಿ ಪ್ರೀತಿಯೇ ಇತ್ತು. "ಇದನ್ನ ಹಾಕ್ಕೊಂಡು ಹಚ್ಚಿದ್ರೆ ನಿನಗೇನೂ ಆಗಲ್ಲ."

ಅವಳು ಆ ಬೆನ್ನನ್ನು ನೋಡುತ್ತ ನಿಂತಳು. ಅವನ ಕೈ ಭುಜಕ್ಕೆ ಎಟುಕುತ್ತಿತ್ತು. ಮೊದಲಿನಿಂದಲೂ ಎಟುಕುತ್ತಿತ್ತು. ಯಂತ್ರದ ಮೇಲೆ ತಲೆಯೆತ್ತರಕ್ಕೆ ಕಾಗದದ ಕಟ್ಟು ಏರಿಸುವವನ ಕೈ.

"ಎಟುಕುತ್ತೆ ನೋಡಿ" ಅಂದಳು. ಅಷ್ಟೇ. ಒಲೆ ಆರಿಸಿದಳು. ಅವನ ಬನಿಯನ್ನುಗಳು ನೆನೆದ ಬಕೆಟ್ಟನ್ನು ಇದ್ದಲ್ಲೇ ಬಿಟ್ಟಳು. ಮಗಳನ್ನು ನಿದ್ದೆಯಲ್ಲೇ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು. ಹಿಂದಿನಿಂದ ಅವನು ಕರೆದ. ಒಳಗಿನಿಂದ ಅತ್ತೆ, ನೀರು ಕಾದಿದೆಯೇನೇ ಎಂದು ಕೇಳಿದರು. ಕಾದಿತ್ತು, ಎತ್ತಿ ತರುವ ಕೈ ಮಾತ್ರ ಬಾಗಿಲು ದಾಟಿತ್ತು.

ಚಹಾದಂಗಡಿಯವಳು ಆಗಷ್ಟೇ ಪರದೆ ಸರಿಸುತ್ತಿದ್ದಳು. ಮಗುವನ್ನು ಅವಳ ಬೆಂಚಿನ ಮೇಲೆ ಮಲಗಿಸಿ ಮಹಡಿ ಹತ್ತಿದಳು. ಗೂಡಿನ ಎರಡು ಬೀಗದ ಕೈಗಳಲ್ಲಿ ಒಂದು ಇನ್ನೂ ಅವಳ ಹತ್ತಿರವೇ ಇತ್ತು, ಯಾರೂ ವಾಪಸು ಕೇಳಿರಲಿಲ್ಲ. ಒಳಗೆ ದೀಪ ಹಾಕಿದಳು. ಗುಂಡಿ ಒತ್ತುವವರು ನಿಂತೇ ಒತ್ತಿ ಹೋಗುತ್ತಿದ್ದರು, ಕುರ್ಚಿಯ ಮೇಲೆ ಧೂಳು ಕೂತಿತ್ತು. ಒರೆಸಲಿಲ್ಲ, ಹಾಗೇ ಕೂತಳು.

ಮೊದಲ ಬಸ್ಸಿನ ಗುಂಡಿ ಒತ್ತಿದಳು. ಹೊರಗಿನ ಧ್ವನಿವರ್ಧಕ ಬಂದ್ ಇತ್ತು, ಆ ಸಣ್ಣ ಕೋಣೆಗೆ ಮಾತ್ರ ಕೇಳುವಂತೆ ಅವಳ ಧ್ವನಿ ಬಂತು. ತಿಳಿನೀರಿನಂಥ ಧ್ವನಿ. ಮಗು ಒದ್ದ ಕಡೆ ತಡೆಯಿತು, ಮುಂದೆ ಹೋಯಿತು, ಮುಗಿಯಿತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಬೆರಳು ಗುಂಡಿಯ ಮೇಲೆ ಹೋಗಿ ಹಿಂದೆ ಬಂತು.

ಅಳಿಸಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಾಹೇಬರು ಕೂಗಾಡುತ್ತಾರೆ. ಹೊಸ ಹುಡುಗಿಯನ್ನು ತರಬಹುದು, ಇವಳನ್ನು ಮನೆಗೆ ಕಳಿಸಬಹುದು. ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆ, ಆ ಪ್ರಶ್ನೆಯ ಹಿಂದೆಯೇ ಗಂಟಲಿಗೆ ಏನಾಯಿತು ಎಂಬ ಪ್ರಶ್ನೆ ಬರುತ್ತದೆ, ಆಗ ಅವಳು ಹೇಳುತ್ತಾಳೆ. ಹೇಳಿದ್ದು ಅಚ್ಚುಕೂಟಕ್ಕೂ ಮುಟ್ಟುತ್ತದೆ, ಬೀದಿಗೂ ಮುಟ್ಟುತ್ತದೆ. ಅಳಿಸದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಏನೂ ಆಗುವುದಿಲ್ಲ. ಈ ಪೆಟ್ಟಿಗೆ ಮಾತಾಡುತ್ತಿರುವಷ್ಟು ದಿನ ಅವಳಿಗೆ ಏನೂ ಆಗಿಲ್ಲ, ಯಾರೂ ಏನೂ ಮಾಡಿಲ್ಲ.

ಗಂಟಲಿಗೆ ಉಪ್ಪುನೀರು ಹಾಕಿಕೊಳ್ಳುವುದು ಆ ದಿನ ಮರೆತುಹೋಗಿತ್ತು. ಗಾಜಿನ ಆಚೆ, ಕತ್ತಲಲ್ಲಿ, ಮೊದಲ ಬಸ್ಸು ಹೊಸ ಅಂಕಣಕ್ಕೆ ಹಿಮ್ಮುಖವಾಗಿ ಬರುತ್ತಿತ್ತು. ಅವಳು ಅಂಕಣದ ಸಂಖ್ಯೆಯನ್ನು ಕಣ್ಣಲ್ಲೇ ಓದಿಕೊಂಡಳು. ಒಂದು ಬೆರಳು ಮಾರ್ಗದ ಗುಂಡಿಯ ಮೇಲೆ, ಇನ್ನೊಂದು ಕೆಂಪು ಗುಂಡಿಯ ಮೇಲೆ ಇಟ್ಟು, ಎರಡನ್ನೂ ಒತ್ತಿ ಹಿಡಿದಳು.

"ಪ್ರಯಾಣಿಕರ ಗಮನಕ್ಕೆ" ಅಂದಳು, ಇದ್ದ ಧ್ವನಿಯಲ್ಲಿ.